ಬ್ರೇಕ್ ಆಯಿಲ್‌ಗೂ ವಯಸ್ಸಾಗುತ್ತದೆ

ಬೆಂಗಳೂರಿನ ಉತ್ತರಹಳ್ಳಿಯಿಂದ ಸುಬ್ರಮಣ್ಯಪುರ, ಚಿಕ್ಕಲ್ಲಸಂದ್ರದ ಕಡೆಯ ಒಳಬೀದಿಗಳಲ್ಲಿ ಕವರ್ ಹೊದ್ದು ನಿಂತ ಹಳೆಯ ಕಾರುಗಳು ಇನ್ನೂ ಸಿಗುತ್ತವೆ. ಮಾರುತಿ 800ರ ತಯಾರಿಕೆ 2014ರಲ್ಲೇ ನಿಂತುಹೋದರೂ ಅದನ್ನು ಮಾರಲು ಮನಸ್ಸಿಲ್ಲದವರು ಕಡಿಮೆಯೇನಿಲ್ಲ. ವಾರಕ್ಕೊಮ್ಮೆ ಬನಶಂಕರಿಗೆ, ವರ್ಷಕ್ಕೊಮ್ಮೆ ಧರ್ಮಸ್ಥಳಕ್ಕೆ ಹೋಗಿಬಂದರೆ ಅದರ ಓಡಾಟ ಮುಗಿಯಿತು. ಇಂಥ ಕಾರಿಗೆ ಎಂಜಿನ್ ಆಯಿಲ್ ತಪ್ಪದೆ ಬದಲಾಗುತ್ತದೆ. ಬ್ರೇಕ್ ಆಯಿಲ್ ಮಾತು ಬಂದರೆ ಮಾತ್ರ ‘ಗಾಡಿ ಓಡೇ ಇಲ್ಲವಲ್ಲ’ ಎಂಬ ಉತ್ತರ. ಆದರೆ ಬ್ರೇಕ್ ಆಯಿಲ್ ಹಳತಾಗುವುದು ಕಿಲೋಮೀಟರಿನಿಂದಲ್ಲ, ದಿನ ಕಳೆದಂತೆ. ನಿಂತ ಕಾರಿನಲ್ಲೂ ಅದು ಕೆಡುತ್ತಲೇ ಇರುತ್ತದೆ.

ಹೆಸರಿಗೆ ಆಯಿಲ್ ಆದರೂ ಇದು ಎಣ್ಣೆಯಲ್ಲ. ನಮ್ಮ ಕಾರುಗಳಿಗೆ ಹಾಕುವ ಡಾಟ್ 3, ಡಾಟ್ 4 ಎರಡೂ ಗ್ಲೈಕಾಲ್ ಜಾತಿಯ ದ್ರವಗಳು. ಗಾಳಿಯ ತೇವವನ್ನು ಉಪ್ಪಿನಂತೆ ಹೀರಿಕೊಳ್ಳುತ್ತವೆ. ರಬ್ಬರ್ ಹೋಸಿನ ಮೂಲಕ, ಡಬ್ಬಿಯ ಮುಚ್ಚಳದ ಸಣ್ಣ ಗಾಳಿಕಿಂಡಿಯ ಮೂಲಕ ತೇವ ಒಳಗೆ ಸೇರುತ್ತದೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದೆಂಬುದು ನಿಯಮ, ಶೇ 3.7ರಷ್ಟು ನೀರು ಸೇರಿದಾಗ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಉತ್ತರಹಳ್ಳಿಯ ಟ್ರಾಫಿಕ್‌ನಲ್ಲಿ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಪೆಡಲ್ ಎಂದಿನಂತೆ ಗಟ್ಟಿಯಾಗಿಯೇ ಇರುತ್ತದೆ. ಗೊತ್ತಾಗುವುದು ಚಾರ್ಮಾಡಿ ಘಾಟಿ ಇಳಿಯುವಾಗ. ಜನ, ಸಾಮಾನು ಸೇರಿ 1,000 ಕಿಲೋ ತೂಗುವ ಕಾರು 500 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 15 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ಗೇರ್ ಇಳಿಸಿ ಎಂಜಿನ್ನಿಗೆ ಹೊರಿಸದಿದ್ದರೆ ಅದರಲ್ಲಿ ಹೆಚ್ಚಿನ ಪಾಲು ಬ್ರೇಕಿಗೇ ಬೀಳುತ್ತದೆ. ದ್ರವ ಕುದಿದರೆ ಆವಿ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಹಾಗಾಗಿ ಪೆಡಲ್ ನೆಲ ಮುಟ್ಟಿದರೂ ಚಕ್ರ ನಿಲ್ಲುವುದಿಲ್ಲ.

‘ಮಟ್ಟ ಇಳಿದಾಗ ಮೇಲೆ ಒಂದಿಷ್ಟು ಹಾಕಿದರೆ ಸಾಲದೇ?’ ಸಾಲದು. ಎಂಜಿನ್ ಆಯಿಲ್ ಸುತ್ತಿ ಬರುವಂತೆ ಇದು ಸುತ್ತುವುದಿಲ್ಲ. ಡಬ್ಬಿಗೆ ಸುರಿದ ಹೊಸತು ಅಲ್ಲೇ ಉಳಿಯುತ್ತದೆ; ಬಿಸಿ ತಾಗುವ ಚಕ್ರದ ಸಿಲಿಂಡರಿನಲ್ಲಿ ಹಳೆಯದೇ ಕೂತಿರುತ್ತದೆ. ಅಲ್ಲದೆ ಮಟ್ಟ ಇಳಿಯುವುದು ಬಹಳ ಸಲ ಪ್ಯಾಡ್ ಸವೆದದ್ದರ ಸೂಚನೆ, ಇಲ್ಲವೇ ಎಲ್ಲೋ ಸೋರಿಕೆ. ಮೇಲೆ ತುಂಬಿಸಿದರೆ ಆ ಸೂಚನೆಯನ್ನೇ ಅಳಿಸಿದ ಹಾಗೆ.

ಆದ್ದರಿಂದಲೇ ಎರಡು ವರ್ಷಕ್ಕೊಮ್ಮೆ ಪೂರ್ತಿ ಹೊರತೆಗೆಯಬೇಕು. ಇದು ರಸ್ತೆಬದಿಯ ಸಣ್ಣ ಗ್ಯಾರೇಜಿನಲ್ಲೂ ಆಗುವ, ಇಬ್ಬರ ಕೈ ಬೇಡುವ ಕೆಲಸ. ಡಬ್ಬಿಯ ಹಳೆಯದನ್ನು ಸಿರಿಂಜಿನಿಂದ ಎಳೆದು, ಹೊಸದಾಗಿ ಸೀಲ್ ಒಡೆದ ಬಾಟಲಿಯಿಂದ ತುಂಬುತ್ತಾರೆ. ಒಬ್ಬ ಒಳಗೆ ಕೂತು ಪೆಡಲ್ ಒತ್ತಿ ಹಿಡಿಯುತ್ತಾನೆ. ಇನ್ನೊಬ್ಬ ಚಕ್ರದ ಹಿಂದಿನ ನಿಪ್ಪಲ್ ಅರ್ಧ ಸುತ್ತು ಸಡಿಲಿಸಿ, ಬಿಗಿದು, ‘ಬಿಡು’ ಎನ್ನುತ್ತಾನೆ. ನಿಪ್ಪಲ್ಲಿಗೆ ಸಿಕ್ಕಿಸಿದ ಪಾರದರ್ಶಕ ಪೈಪಿನಲ್ಲಿ ಮೊದಲು ಚಹಾದ ಗಸಿಯಂಥ ಕಂದು, ನಡುನಡುವೆ ಗುಳ್ಳೆ, ಕೊನೆಗೆ ಎಳೆ ಜೇನಿನ ಬಣ್ಣ. ಸಾಮಾನ್ಯವಾಗಿ ದೂರದ ಚಕ್ರದಿಂದ, ಅಂದರೆ ಹಿಂದಿನ ಎಡಗಡೆಯಿಂದ ಶುರು. ಕಾರಿನ ಪುಸ್ತಕ ಬೇರೆ ಕ್ರಮ ಹೇಳಿದ್ದರೆ ಅದೇ ಸರಿ. ಬಣ್ಣ ಬಳಿದ ತಗಡಿಗೆ ಹನಿ ಬಿದ್ದರೆ ತಕ್ಷಣ ನೀರಿನಲ್ಲಿ ತೊಳೆಯಬೇಕು, ಇಲ್ಲದಿದ್ದರೆ ಪೇಂಟ್ ಏಳುತ್ತದೆ.

ಹಳೆಯ ಮೆಕ್ಯಾನಿಕ್‌ಗಳ ಒಂದು ಆಕ್ಷೇಪವನ್ನು ಮಾತ್ರ ಗೌರವದಿಂದ ಕೇಳಬೇಕು: ‘ಮುಟ್ಟಿದರೆ ಮಾಸ್ಟರ್ ಸಿಲಿಂಡರ್ ಸೋರುತ್ತದೆ.’ ಅದರಲ್ಲಿ ಸತ್ಯವಿದೆ. ದಿನನಿತ್ಯ ಪೆಡಲ್ ತಳ್ಳುವ ಪಿಸ್ಟನ್ ಓಡಾಡುವುದು ಈ ಸಿಲಿಂಡರಿನ ಸ್ವಲ್ಪ ಭಾಗದಲ್ಲಷ್ಟೇ; ಮುಂದಿನ ಭಾಗದಲ್ಲಿ ತುಕ್ಕು, ಕೊಳೆ ಕಟ್ಟಿರುತ್ತದೆ. ಪೆಡಲನ್ನು ನೆಲದವರೆಗೆ ತುಳಿದಾಗ ರಬ್ಬರ್ ವಾಷರ್ ಅಲ್ಲಿಗೆ ತಾಗಿ ಹರಿಯುತ್ತದೆ. ಆದರೆ ಆ ತುಕ್ಕು ಬಂದದ್ದೇ ಬದಲಿಸದ ಆಯಿಲ್‌ನ ನೀರಿನಿಂದ. ಪೆಡಲ್ ಕೆಳಗೆ ಮರದ ತುಂಡು ಇಟ್ಟು ಅದರ ಓಟ ತಡೆದರೆ ಅಪಾಯ ತಗ್ಗುತ್ತದೆ. ಕೆಲಸ ಮುಗಿದ ಮೇಲೆ ಎಂಜಿನ್ ಚಾಲೂ ಇಟ್ಟು ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿಯಬೇಕು. ಅದು ನಿಧಾನವಾಗಿ ಕೆಳಗೆ ಜಾರಿದರೆ, ಹೊರಗೆ ಎಲ್ಲೂ ಸೋರದಿದ್ದರೂ, ಆ ಕಾರು ಗ್ಯಾರೇಜ್ ಬಿಡಬಾರದು. ಮಾಸ್ಟರ್ ಸಿಲಿಂಡರ್ ಬಿಚ್ಚಲೇಬೇಕು.