ಸಂಸ್ಥೆಗೂ ಅಂತಃಕರಣವುಂಟೆ?

ಮಡಿವಾಳ ಮಾಚಿದೇವ, ನುಲಿಯ ಚಂದಯ್ಯ, ಆಯ್ದಕ್ಕಿ ಮಾರಯ್ಯ – ಹೀಗೆ ಕಾಯಕದೊಡನೆಯೇ ಶರಣರ ನಾಮಸ್ಮರಣೆ ಮಾಡುವುದು ನಮ್ಮ ಸಂಪ್ರದಾಯ. ಮಾಡಿದವರು ಯಾರೆಂಬುದು ಅಲ್ಲಿ ಸ್ಪಷ್ಟ. ಆದ್ದರಿಂದ ಹೊಣೆ ಯಾರದೆಂಬುದೂ ಸ್ಪಷ್ಟ. ಇಂದಾದರೋ ದುಡಿಮೆಯ ಬಹುಭಾಗವು ಕಂಪನಿ, ಬ್ಯಾಂಕು, ಸಹಕಾರ ಸಂಘಗಳ ಹೆಸರಿನಲ್ಲಿ ನಡೆಯುತ್ತಿದೆ. ನಮ್ಮ ಮಕ್ಕಳು ಅಲ್ಲಿ ನೌಕರರು. ನಮ್ಮಲ್ಲಿ ಹಲವರು ಷೇರುದಾರರು, ನಿರ್ದೇಶಕರು. ಅಂಥ ಸಂಸ್ಥೆಯಿಂದ ಲೋಕಕ್ಕೆ ಕೇಡಾದರೆ ಆ ಪಾಪವು ಯಾರಿಗೆ ಸೇರಬೇಕು?

ಕಂಪನಿಗೆ ಹೊಡೆಯಲು ಮೈಯಿಲ್ಲ, ನರಕಕ್ಕೆ ತಳ್ಳಲು ಆತ್ಮವಿಲ್ಲ ಎಂಬರ್ಥದ ಮಾತೊಂದು ಇಂಗ್ಲೆಂಡಿನಲ್ಲಿ ಬಹುಕಾಲದಿಂದ ಪ್ರಚಲಿತವಾಗಿದೆ. ಆತ್ಮವಿಲ್ಲದುದಕ್ಕೆ ಪಾಪವೆಲ್ಲಿಯದು ಎಂದು ಕೆಲವರು ವಾದಿಸುವುದುಂಟು. ಈ ವಾದದ ಬೆಲೆಯನ್ನು ತಿಳಿಯಲು ಭೋಪಾಲದ ದುರಂತವನ್ನು ನೆನೆದರೆ ಸಾಕು.

1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಂಪನಿಯ ಕೀಟನಾಶಕ ಕಾರ್ಖಾನೆಯ ತೊಟ್ಟಿಯೊಂದಕ್ಕೆ ನೀರು ಸೇರಿ, ಸುಮಾರು 40 ಟನ್ ಮಿಥೈಲ್ ಐಸೊಸೈನೇಟ್ ವಿಷಾನಿಲವು ಹೊರನುಗ್ಗಿತು. ಮಲಗಿದ್ದವರು ಮಲಗಿದಲ್ಲೇ, ಓಡಿದವರು ಓಡಿದಲ್ಲೇ ಪ್ರಾಣಬಿಟ್ಟರು. ಸತ್ತವರ ಸಂಖ್ಯೆ ಸರ್ಕಾರದ ಲೆಕ್ಕದಲ್ಲಿಯೇ 5 ಸಾವಿರವನ್ನು ಮೀರಿತು.

ಇದು ಕೇವಲ ಆಕಸ್ಮಿಕವೆ? ತೊಟ್ಟಿಯನ್ನು ತಂಪಾಗಿರಿಸುವ ಯಂತ್ರವನ್ನು ತಿಂಗಳುಗಳ ಮೊದಲೇ ನಿಲ್ಲಿಸಲಾಗಿತ್ತು. ಸೋರಿದ ಅನಿಲವನ್ನು ಸುಟ್ಟುಹಾಕುವ ಗೋಪುರವು ಅಂದು ಕೆಲಸಕ್ಕೆ ಒದಗಲಿಲ್ಲ. 1981ರಲ್ಲಿಯೇ ಫಾಸ್ಜೀನ್ ಅನಿಲಕ್ಕೆ ಕಾರ್ಮಿಕನೊಬ್ಬ ಬಲಿಯಾಗಿದ್ದ. 1982ರಲ್ಲಿ ಅಮೆರಿಕದಿಂದ ಬಂದ ಕಂಪನಿಯ ತಜ್ಞರೇ ಸುರಕ್ಷತೆಯ ಲೋಪಗಳನ್ನು ಬರೆದು ವರದಿಮಾಡಿದ್ದರು. ಅದೇ ವರ್ಷ ಭೋಪಾಲದ ಪತ್ರಕರ್ತ ರಾಜಕುಮಾರ ಕೇಸ್ವಾನಿ ತಮ್ಮ ವಾರಪತ್ರಿಕೆಯಲ್ಲಿ ಊರಿಗೆ ಎಚ್ಚರಿಕೆ ನೀಡಿದ್ದರು. ಅಂದಮೇಲೆ ಕಂಪನಿಗೆ ಅರಿವಿತ್ತು. ಆ ಅರಿವು ಅದರ ಕಡತಗಳಲ್ಲಿತ್ತು. ವೆಚ್ಚ ತಗ್ಗಿಸಬೇಕೋ ಜೀವ ಕಾಯಬೇಕೋ ಎಂಬ ಆಯ್ಕೆಯೂ ಅದರ ಕೈಯಲ್ಲಿತ್ತು. ಅರಿವು ಮತ್ತು ಆಯ್ಕೆ ಇವೆರಡೂ ಇದ್ದಲ್ಲಿ ಹೊಣೆಯೂ ಇದ್ದೇ ಇರುತ್ತದೆ ಎಂಬುದು ನಮ್ಮ ದೃಢವಾದ ಅಭಿಪ್ರಾಯ. ಲಾಭ ಬಂದಾಗ ತನ್ನದೆಂದು ತನ್ನ ಹೆಸರಿನಲ್ಲಿಯೇ ಬರೆದುಕೊಳ್ಳುವ ಸಂಸ್ಥೆಯು ಕೇಡು ಬಂದಾಗ ಮಾತ್ರ ತಾನು ಬರಿಯ ಹೆಸರೆಂದು ಹೇಳುವುದು ಯಾವ ನ್ಯಾಯ?

ಮುಂದೆ ನಡೆದುದನ್ನು ನೋಡಿರಿ. ಯಾರೋ ಅತೃಪ್ತ ಕಾರ್ಮಿಕನು ಬೇಕೆಂದೇ ನೀರು ಬೆರೆಸಿದನೆಂದು ಕಂಪನಿಯು ವಾದಿಸಿತು. 1989ರಲ್ಲಿ 47 ಕೋಟಿ ಡಾಲರ್ ಪರಿಹಾರಕ್ಕೆ ರಾಜಿಯಾಯಿತು. ಅಮೆರಿಕದ ಕಂಪನಿಯ ಅಧ್ಯಕ್ಷರಾಗಿದ್ದ ವಾರೆನ್ ಆಂಡರ್ಸನ್ ಬಂಧನಕ್ಕೊಳಗಾಗಿ ಜಾಮೀನಿನ ಮೇಲೆ ಸ್ವದೇಶಕ್ಕೆ ಮರಳಿದವರು ವಿಚಾರಣೆಗೆ ಬಾರದೆ 2014ರಲ್ಲಿ ತೀರಿಕೊಂಡರು. 2001ರಲ್ಲಿ ಆ ಕಂಪನಿಯನ್ನು ಕೊಂಡ ಡೌ ಕೆಮಿಕಲ್, ಹಳೆಯ ಹೊಣೆ ತನ್ನದಲ್ಲವೆಂದಿತು. 2010ರಲ್ಲಿ ಭೋಪಾಲದ ನ್ಯಾಯಾಲಯವು ಬದುಕುಳಿದಿದ್ದ ಏಳು ಮಂದಿ ಭಾರತೀಯ ಅಧಿಕಾರಿಗಳಿಗೆ ಎರಡು ವರ್ಷಗಳ ಸೆರೆವಾಸ ವಿಧಿಸಿತು. ಅವರಿಗೆ ಅಂದೇ ಜಾಮೀನು ದೊರೆಯಿತು. ಕಾರ್ಖಾನೆಯ ಅಂಗಳದಲ್ಲಿ ಉಳಿದಿದ್ದ 337 ಟನ್ ವಿಷತ್ಯಾಜ್ಯವು ಅಲ್ಲಿಂದ ಹೊರಟದ್ದು 2025ರ ಜನವರಿಯಲ್ಲಿ, ಅದೂ ಸರ್ಕಾರದ ವೆಚ್ಚದಲ್ಲಿ. ಹೊಣೆಯು ಹೀಗೆ ಕೈಯಿಂದ ಕೈಗೆ ಜಾರುತ್ತ ಕೊನೆಗೆ ಯಾರ ಕೈಯಲ್ಲಿಯೂ ನಿಲ್ಲಲಿಲ್ಲ; ನೋವು ಮಾತ್ರ ನೊಂದವರ ಮೈಯಲ್ಲಿಯೇ ನಿಂತಿತು.

ಇದು ದೂರದ ದೊಡ್ಡ ಕಂಪನಿಗಳ ಮಾತಷ್ಟೇ ಎಂದು ವಾಚಕರು ಭಾವಿಸಬಾರದು. ಹಲವು ವರ್ಷಗಳ ಹಿಂದೆ ನಾವು ಒಂದು ಉಚಿತ ಪ್ರಸಾದನಿಲಯದ ಆಡಳಿತ ಸಮಿತಿಯಲ್ಲಿದ್ದೆವು. ಅಡುಗೆ ಮಾಡುತ್ತಿದ್ದ ವೃದ್ಧನೊಬ್ಬನ ಕೈ ಅಲ್ಲಿಯೇ ಸುಟ್ಟು, ಅವನು ಕೆಲಸಕ್ಕೆ ಬಾರದವನಾದ. ನಿಯಮದಲ್ಲಿ ಅವಕಾಶವಿಲ್ಲವೆಂದು ಅವನನ್ನು ಬರಿಗೈಯಲ್ಲಿ ಬಿಡುಗಡೆ ಮಾಡುವ ಠರಾವಾಯಿತು. ಅವನು ಸದಸ್ಯರ ಮನೆಮನೆಗೆ ಅಲೆದ. ಎಲ್ಲರದೂ ಒಂದೇ ಉತ್ತರ: "ನಮ್ಮದೇನಿದೆ? ಸಮಿತಿಯ ತೀರ್ಮಾನ." ನಾವೂ ಅದನ್ನೇ ನುಡಿದೆವು. ಆಗ ಅವನು, "ಹಂಗಾದ್ರ ಆ ಸಮಿತಿ ಮನಿ ಎಲ್ಲೈತಿ ಹೇಳ್ರಿ ಶಾಸ್ತ್ರಿಗಳ, ಅಲ್ಲಿಗೇ ಹೋಗ್ತೀನಿ" ಎಂದ. ನಮ್ಮ ಶಾಸ್ತ್ರಾಧ್ಯಯನದಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಮುಂದಿನ ಸಭೆಯಲ್ಲಿ ವಿಷಯವನ್ನು ಮತ್ತೆ ಎತ್ತಿದೆವು. ಅವನಿಗೆ ಮಾಸಾಶನ ಮಂಜೂರಾಯಿತು. ಆದರೆ ನಡುವಿನ ನಾಲ್ಕು ತಿಂಗಳು ಅವನು ಏನು ಉಂಡನೆಂದು ನಾವಾರೂ ಕೇಳಿರಲಿಲ್ಲ.

ಅಂದು ನಮಗೆ ತಿಳಿದದ್ದು ಇಷ್ಟು: ಋಣವು ಸಂಸ್ಥೆಯದೇ, ಅದನ್ನು ಸಂಸ್ಥೆಯೇ ತೀರಿಸಬೇಕು. ಸದಸ್ಯರು ಬದಲಾದರೂ, ಹೆಸರು ಬದಲಾದರೂ ಆ ಋಣ ಅಳಿಯದು. ಆದರೆ ಸಂಸ್ಥೆಗೆ ಹೊಣೆಯುಂಟೆಂದ ಮಾತ್ರಕ್ಕೆ ಕೈಯೆತ್ತಿ ಒಪ್ಪಿದವನ ಹೊಣೆ ಕಳೆಯುವುದಿಲ್ಲ. ಆಸ್ತಿಯನ್ನು ಹತ್ತು ಮಂದಿಗೆ ಹಂಚಿದರೆ ಪಾಲು ಕಿರಿದಾಗುತ್ತದೆ. ಪಾಪವನ್ನು ಹಂಚಿದರೆ ಪ್ರತಿಯೊಬ್ಬನಿಗೂ ಇಡಿಯಾಗಿಯೇ ಬರುತ್ತದೆ.

ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನವರು ಅದನ್ನು ಒಲೆಗೇರಿಸಲಿಲ್ಲ. ಅಧಿಕವಾದುದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದರು. ಕಳುವಿನ ಮಾತು ಅಲ್ಲಿರಲಿಲ್ಲ, ಯಾರ ದೂರೂ ಇರಲಿಲ್ಲ. ಮನೆಯೊಳಗಿನ ಒಂದು ದನಿಯೇ ಕಾಯಕದ ಶುದ್ಧಿಯನ್ನು ಕಾಯ್ದಿತು. ಸಂಸ್ಥೆಗೆ ಅಂತಃಕರಣವುಂಟೆ ಎಂಬ ಪ್ರಶ್ನೆಗೆ ನಮ್ಮ ಉತ್ತರವೂ ಇಲ್ಲಿಯೇ ಇದೆ. ಒಳಗಿರುವವರು ಲಕ್ಕಮ್ಮನವರಂತೆ ಮಾತಾಡಿದರೆ ಉಂಟು. ಅವರು ಸುಮ್ಮನಾದರೆ ಇಲ್ಲ. ಇಲ್ಲವಾದ ಮಾತ್ರಕ್ಕೆ ಅದು ಹೊಣೆಯಿಂದ ಪಾರಾಗದು, ಅಂತಃಕರಣವನ್ನು ಕಳೆದುಕೊಂಡ ಮನುಷ್ಯನು ಪಾರಾಗದಂತೆ.

ಆದುದರಿಂದ ಸದ್ಭಕ್ತರಲ್ಲಿ ನಮ್ಮ ವಿನಂತಿಯಿಷ್ಟೆ. ತಿಂಗಳ ಸಂಬಳವೋ ವರ್ಷದ ಲಾಭಾಂಶವೋ ಮನೆಗೆ ಬಂದ ದಿನ, ಅದು ಎಷ್ಟು ಎಂದು ಕೇಳುವಂತೆಯೇ ಎಲ್ಲಿಂದ ಬಂತು ಎಂದೂ ಕೇಳಿರಿ. ಸಭೆಯಲ್ಲಿ ಕೈಯೆತ್ತುವ ಮುನ್ನ, ಆ ತೀರ್ಮಾನದಿಂದ ನೊಂದವನು ನಾಳೆ ನಮ್ಮ ಬಾಗಿಲಿಗೆ ಬಂದು ನಿಂತರೆ ಏನು ಹೇಳುವೆವೆಂದು ಯೋಚಿಸಿರಿ. ಸಮಿತಿಯ ಮನೆ ಎಲ್ಲಿದೆ ಎಂದು ಅವನು ಕೇಳಿದರೆ, "ಇಲ್ಲಿಯೇ ಇದೆ, ಒಳಗೆ ಬನ್ನಿ" ಎನ್ನುವ ಧೈರ್ಯ ನಮಗಿರಲಿ.