ಎತ್ತುವ ಮೊದಲು ಲೆಕ್ಕ

ನಮ್ಮ ಸಿಂಗಟಗೆರೆ ಕಡೆ ಬೋರ್‌ವೆಲ್ ಮೋಟಾರ್ ಸುಟ್ಟಿತೆಂದರೆ ಹಿಂದೆ ಅದು ಇಡೀ ದಿನದ ಕೆಲಸ. ಮೂರು ಕಂಬ ನಿಲ್ಲಿಸಿ, ಕಪ್ಪಿ ಕಟ್ಟಿ, ಏಳೆಂಟು ಜನ ಹಗ್ಗ ಎಳೆದು ಒಂದೊಂದೇ ಪೈಪು ಮೇಲೆತ್ತುತ್ತಿದ್ದರು. ಕೈ ಜಾರಿದರೆ ಪೈಪು, ಮೋಟಾರ್ ಎರಡೂ ಪಾತಾಳಕ್ಕೆ! ಈಗ ಕ್ರೇನ್ ಇರುವ ಗಾಡಿ ಬರುತ್ತದೆ. ಮೂರು ಜನ ಸಾಕು, ಮಧ್ಯಾಹ್ನದ ಊಟದೊಳಗೆ ಕೆಲಸ ಮುಗಿಯುತ್ತದೆ.

ಕಳೆದ ಬೇಸಿಗೆಯಲ್ಲಿ ನಮ್ಮ ತೋಟಕ್ಕೂ ಅಂಥ ಗಾಡಿ ಬಂತು. "ತಾತ, ಕ್ರೇನ್ ಎಷ್ಟು ಭಾರ ಬೇಕಾದರೂ ಎತ್ತುತ್ತಾ?" ಎಂದು ಮೊಮ್ಮಗ ಕೇಳಿದ.

ಇಲ್ಲ ಮಕ್ಕಳೇ. ತುಂಬಿದ ಬಿಂದಿಗೆಯನ್ನು ಸೊಂಟದ ಮೇಲೆ ಹೊರಬಹುದು, ಕೈ ಚಾಚಿ ಹಿಡಿಯಲಾಗದು. ಕ್ರೇನಿಗೂ ಹಾಗೆಯೇ. 3 ಮೀಟರ್ ದೂರದಲ್ಲಿ 10 ಟನ್ ಎತ್ತುವ ಕ್ರೇನ್, 10 ಮೀಟರ್ ಚಾಚಿದರೆ 3 ಟನ್ ಎತ್ತಿದರೆ ಹೆಚ್ಚು. ತೋಳಿನ ತೂಕ ಸೇರಿದರೆ ಇನ್ನೂ ಕಡಿಮೆ. ಖಾತೆಯಲ್ಲಿ ಹಣವಿಲ್ಲದೆ ಚೆಕ್ ಬರೆದರೆ ಬ್ಯಾಂಕು ವಾಪಸ್ ಕಳಿಸುತ್ತದೆ. ಕ್ರೇನು ಮಗುಚಿಯೇ ಬೀಳುತ್ತದೆ. ಈಗಿನ ದೊಡ್ಡ ಕ್ರೇನುಗಳಲ್ಲಿ ಭಾರವನ್ನೂ ದೂರವನ್ನೂ ಅಳೆಯುವ ಕಂಪ್ಯೂಟರ್ ಇರುತ್ತದೆ. ಮಿತಿ ಹತ್ತಿರವಾದರೆ ಅದು ಕೂಗಿ ಎಚ್ಚರಿಸುತ್ತದೆ. ಚಾಲಕರು ಮೊದಲು ಸಿಮ್ಯುಲೇಟರ್‌ನಲ್ಲಿ ಕಲಿಯುವುದೂ ಉಂಟು. ಅಲ್ಲಿ ತಪ್ಪಿದರೆ ಬೀಳುವುದು ಚಿತ್ರ ಮಾತ್ರ.

ಯಂತ್ರದ ಜೊತೆ ಅನುಭವವೂ ಸೇರಿದರೆ ಏನಾಗುತ್ತದೆ ಎಂಬುದನ್ನು ಹೊಸಪೇಟೆಯಲ್ಲಿ ಕಂಡೆವು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ರೈತರ ನೀರು ಹೊಳೆಗೆ ಹರಿಯತೊಡಗಿತು. ಎಪ್ಪತ್ತು ದಾಟಿದ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ನೀರು ಧುಮ್ಮಿಕ್ಕುತ್ತಿರುವಾಗಲೇ ಕ್ರೇನಿನಿಂದ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿದರು. 16ರಂದು ಮೊದಲನೆಯದು ಕೂತಿತು. 17ಕ್ಕೆ ಐದೂ ಕೂತವು. ನೀರು ಉಳಿಯಿತು.

ನಮ್ಮ ತೋಟದ ಕ್ರೇನಿನ ಹುಡುಗ ಮೊಮ್ಮಗನಿಗೆ ಒಂದು ನಿಯಮ ಹೇಳಿಕೊಟ್ಟಿದ್ದ: "ಎತ್ತು, ಇಳಿಸು ಅಂತ ಸನ್ನೆ ಮಾಡೋನು ಒಬ್ಬನೇ ಇರಬೇಕು. ಆದ್ರೆ ನಿಲ್ಲಿಸು ಅಂತ ಯಾರು ಬೇಕಾದ್ರೂ ಹೇಳಬಹುದು, ನೀನೂ."

ಸ್ವಲ್ಪ ಹೊತ್ತಿನಲ್ಲೇ ಮೊಮ್ಮಗ ಎರಡೂ ಕೈ ಎತ್ತಿ "ನಿಲ್ಸಿ!" ಎಂದು ಕೂಗಿದ. ಕ್ರೇನು ಅಲ್ಲೇ ನಿಂತಿತು. ತೂಗುವ ಪೈಪಿನ ಕೆಳಗೆ ನೀರು ಕಾಣುತ್ತದೆಯೇ ಎಂದು ಬಗ್ಗಿ ನೋಡುತ್ತಿದ್ದವನು ನಾನೇ!