ಗ್ರಾಮೀಣ ಮಹಿಳೆಯರಲ್ಲಿ ರಕ್ತಹೀನತೆ: ಸ್ಥಳದಲ್ಲಿಯೇ ಶೀಘ್ರ ತಪಾಸಣೆ

ರಕ್ತಕ್ಕೆ ಕೆಂಪು ಬಣ್ಣವನ್ನು ಕೊಡುವ ವಸ್ತುವೇ ಹಿಮೋಗ್ಲೋಬಿನ್. ಶ್ವಾಸಕೋಶದಿಂದ ಆಮ್ಲಜನಕವನ್ನು ದೇಹದ ಎಲ್ಲ ಭಾಗಗಳಿಗೂ ಒಯ್ಯುವುದು ಇದರ ಕಾರ್ಯ. ನಮ್ಮ ರಾಷ್ಟ್ರೀಯ ಕಾರ್ಯಕ್ರಮದ ಪ್ರಕಾರ, 100 ಮಿಲಿಲೀಟರ್ ರಕ್ತದಲ್ಲಿ ಇದರ ಪ್ರಮಾಣವು ವಯಸ್ಕ ಮಹಿಳೆಯರಲ್ಲಿ 12 ಗ್ರಾಂಗಿಂತಲೂ ಗರ್ಭಿಣಿಯರಲ್ಲಿ 11 ಗ್ರಾಂಗಿಂತಲೂ ಕಡಿಮೆಯಿದ್ದರೆ ಅದು ರಕ್ತಹೀನತೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರ ಪೈಕಿ ದೇಶದಲ್ಲಿ ಶೇಕಡಾ 57ರಷ್ಟು, ಕರ್ನಾಟಕದಲ್ಲಿ ಶೇಕಡಾ 47.8ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತು. ಸುಸ್ತು, ಏದುಸಿರು, ತಲೆಸುತ್ತು ನಿಧಾನವಾಗಿ ಹೆಚ್ಚುವುದರಿಂದ ಮನೆಯಲ್ಲಿಯೂ ಹೊಲದಲ್ಲಿಯೂ ದುಡಿಯುವ ಮಹಿಳೆ ಇದನ್ನು ದಣಿವೆಂದೇ ಭಾವಿಸುತ್ತಾಳೆ. ತೀವ್ರ ರಕ್ತಹೀನತೆಯಿರುವ ಗರ್ಭಿಣಿಗಾದರೋ ಹೆರಿಗೆಯ ಸಮಯದ ಸಾಧಾರಣ ರಕ್ತಸ್ರಾವವೂ ಪ್ರಾಣಾಪಾಯ ತರಬಲ್ಲದು. ಆದುದರಿಂದ ಲಕ್ಷಣಗಳಿಗಾಗಿ ಕಾಯದೆ ಹಳ್ಳಿಯಲ್ಲಿಯೇ ಪರೀಕ್ಷೆ ನಡೆಸುವುದು ಅಗತ್ಯ.

ಪರೀಕ್ಷೆಯ ವಿಧಾನಗಳು

ಕಣ್ಣಿನ ಕೆಳರೆಪ್ಪೆಯ ಒಳಭಾಗ, ನಾಲಿಗೆ ಮತ್ತು ಅಂಗೈ ಬಿಳಿಚಿಕೊಂಡಿವೆಯೇ ಎಂದು ನೋಡುವುದು ಅತ್ಯಂತ ಸರಳವಾದ ವಿಧಾನ. ತೀವ್ರ ರಕ್ತಹೀನತೆಯನ್ನು ಇದರಿಂದ ಬಹುಮಟ್ಟಿಗೆ ಗುರುತಿಸಬಹುದು. ಅಲ್ಪ ಪ್ರಮಾಣದ್ದು ತಪ್ಪಿಹೋಗುತ್ತದೆ.

ಸಾಹ್ಲಿ ವಿಧಾನದಲ್ಲಿ ರಕ್ತವನ್ನು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದೊಡನೆ ಬೆರೆಸಿ, ಬರುವ ಕಂದು ಬಣ್ಣವನ್ನು ನಿಗದಿತ ಬಣ್ಣದೊಡನೆ ಹೋಲಿಸುತ್ತಾರೆ. ಇದು ಅಗ್ಗ, ಆದರೆ ಫಲಿತಾಂಶವು ನೋಡುವವರ ಕಣ್ಣನ್ನು ಅವಲಂಬಿಸಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಬಣ್ಣದ ಪಟ್ಟಿಯಲ್ಲಿ 4ರಿಂದ 14 ಗ್ರಾಂವರೆಗಿನ ಆರು ಛಾಯೆಗಳಿವೆ. ವಿಶೇಷ ಕಾಗದದ ಮೇಲೆ ಬಿದ್ದ ರಕ್ತದ ಹನಿಯನ್ನು ಇವುಗಳೊಡನೆ ಹೋಲಿಸಬೇಕು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ ಕೇಂದ್ರವನ್ನು ಹೊಂದಿದ್ದ ರಾಷ್ಟ್ರೀಯ ಪೋಷಣಾ ಪರಿವೀಕ್ಷಣಾ ಮಂಡಲಿಯು ಸೋಸುಕಾಗದದ ವಿಧಾನವನ್ನು ಬಳಸಿತು. ಅಳತೆಮಾಡಿದ ರಕ್ತವನ್ನು ಕಾಗದದ ಮೇಲೆ ಒಣಗಿಸಿ ಪ್ರಯೋಗಾಲಯಕ್ಕೆ ಕಳುಹಿಸುವುದರಿಂದ ದೂರದ ಹಳ್ಳಿಗಳಲ್ಲೂ ಸಮೀಕ್ಷೆ ಸಾಧ್ಯವಾಯಿತು. ಆದರೆ ಫಲಿತಾಂಶ ಆ ಕ್ಷಣದಲ್ಲಿ ದೊರೆಯದು. 2018ರಲ್ಲಿ ಆರಂಭವಾದ ‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮವು ಡಿಜಿಟಲ್ ಮಾಪಕಕ್ಕೆ ಒತ್ತು ನೀಡಿದೆ. ಇದು ಸ್ವಲ್ಪ ಹೊತ್ತಿನಲ್ಲಿಯೇ ಅಂಕಿಯನ್ನು ತೋರಿಸುತ್ತದೆ.

ಎಚ್ಚರಿಕೆಯ ಕ್ರಮಗಳು

ಉಪಕರಣ ಎಷ್ಟೇ ಉತ್ತಮವಾಗಿದ್ದರೂ ರಕ್ತದ ಹನಿಯನ್ನು ಸರಿಯಾಗಿ ತೆಗೆಯದಿದ್ದರೆ ಫಲಿತಾಂಶ ತಪ್ಪಾಗುತ್ತದೆ. ಕೈ ಬೆಚ್ಚಗಿರಬೇಕು. ಮಧ್ಯದ ಬೆರಳು ಅಥವಾ ಉಂಗುರ ಬೆರಳಿನ ತುದಿಯ ಪಕ್ಕವನ್ನು ಸ್ಪಿರಿಟಿನಿಂದ ಒರೆಸಿ, ಅದು ಪೂರ್ತಿ ಆರಿದ ಮೇಲೆ ಚುಚ್ಚಬೇಕು. ಮೊದಲ ಹನಿಯನ್ನು ಒರೆಸಿ ತೆಗೆದು, ತಾನಾಗಿ ಹರಿದುಬರುವ ರಕ್ತವನ್ನು ಬಳಸಬೇಕು. ಬೆರಳನ್ನು ಬಲವಾಗಿ ಹಿಂಡಿದರೆ ಅಂಗಾಂಶದ ದ್ರವ ಬೆರೆತು ರಕ್ತ ತೆಳುವಾಗುತ್ತದೆ. ಆಗ ಆರೋಗ್ಯವಂತಳಿಗೂ ರಕ್ತಹೀನತೆ ಇದೆಯೆಂದು ಕಾಣಬಹುದು. ಪ್ರತಿಯೊಬ್ಬರಿಗೂ ಹೊಸ ಸೂಜಿಯನ್ನೇ ಬಳಸಬೇಕು.

ಪರೀಕ್ಷೆಯ ನಂತರ

ಈ ತಪಾಸಣೆಯು ರಕ್ತಹೀನತೆ ಇದೆಯೇ ಎಂಬುದನ್ನು ತಿಳಿಸುತ್ತದೆಯೇ ಹೊರತು ಅದರ ಕಾರಣವನ್ನಲ್ಲ. ಕಬ್ಬಿಣಾಂಶದ ಕೊರತೆಯಲ್ಲದೆ ಕೊಕ್ಕೆಹುಳು, ಮಲೇರಿಯಾ, ಅತಿಯಾದ ಮುಟ್ಟಿನ ಸ್ರಾವ ಮತ್ತು ಕೆಲವು ಆನುವಂಶಿಕ ರೋಗಗಳೂ ಕಾರಣವಾಗಬಹುದು.

ಗರ್ಭಿಣಿಯ ಹಿಮೋಗ್ಲೋಬಿನ್ 7 ಗ್ರಾಂಗಿಂತ ಕಡಿಮೆಯಿದ್ದರೆ ಅದು ತೀವ್ರ ಸ್ವರೂಪದ್ದು. ತಡಮಾಡದೆ ವೈದ್ಯಾಧಿಕಾರಿಗಳಿರುವ ಆಸ್ಪತ್ರೆಗೆ ಕಳುಹಿಸಬೇಕು. 7ರಿಂದ 10.9 ಗ್ರಾಂ ಇದ್ದರೆ ಆರೋಗ್ಯ ಕಾರ್ಯಕರ್ತೆಯ ಸಲಹೆಯಂತೆ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳನ್ನು ಸೇವಿಸಿ, ಮತ್ತೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ರಕ್ತಹೀನತೆ ಇಲ್ಲದ ಗರ್ಭಿಣಿಯೂ 180 ದಿನ ದಿನಕ್ಕೊಂದು ಮಾತ್ರೆ ಸೇವಿಸತಕ್ಕದ್ದು. ಮಾತ್ರೆಯಿಂದ ಮಲ ಕಪ್ಪಾದರೆ ಹೆದರಬೇಕಾಗಿಲ್ಲ. ಊಟದ ಜೊತೆ ಚಹಾ, ಕಾಫಿ ಬೇಡ. ಸೊಪ್ಪು, ಕಾಳುಗಳೊಡನೆ ನಿಂಬೆ, ನೆಲ್ಲಿಕಾಯಿ ಇರಲಿ.

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಅನೇಕ ಕುಟುಂಬಗಳು ದುಡಿಮೆಗಾಗಿ ಹೈದರಾಬಾದಿಗೆ ಹೋಗುತ್ತವೆ. ಜೀಡಿಮೆಟ್ಲಾದಂತಹ ಕೈಗಾರಿಕಾ ಪ್ರದೇಶವಿರಲಿ, ಕಟ್ಟಡದ ಕೆಲಸವಿರಲಿ, ಊರು ಬಿಡುವ ಗರ್ಭಿಣಿಯು ತನ್ನ ತಾಯಿ ಕಾರ್ಡನ್ನು ಜೊತೆಗೆ ಒಯ್ಯಬೇಕು. ಅದರಲ್ಲಿ ಬರೆದ ಹಿಮೋಗ್ಲೋಬಿನ್ ಅಂಕಿಯು ಹೊಸ ಊರಿನ ವೈದ್ಯರಿಗೆ ಆಕೆಯ ಸ್ಥಿತಿಯನ್ನು ಒಡನೆ ತಿಳಿಸುತ್ತದೆ. ಪರೀಕ್ಷೆಯ ಹಿಂದೆಯೇ ಚಿಕಿತ್ಸೆಯೂ ನಡೆದಾಗ ಮಾತ್ರ ಆ ಒಂದು ಹನಿ ರಕ್ತವು ತಾಯಿ ಮಗುವಿನ ಜೀವ ಉಳಿಸಬಲ್ಲದು.